ಇಸ್ತ್ರಿ ಮಾಡಿದ ಫೋನು

ಬಿಚ್ಚಲಾಗದ್ದು ಎಂಬುದು ಈ ಲೋಕದಲ್ಲಿ ಏನೂ ಇಲ್ಲ ಎಂದು ನಾನು ನಂಬಿದ್ದೆ. ಬಸವಕಲ್ಯಾಣದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬ್ಲೌಸು ಹೊಲಿಯುತ್ತಿರುವವಳು ನಾನು. ನನ್ನ ಹೊಲಿಗೆ ಯಂತ್ರ ನಮ್ಮ ಅತ್ತೆಯ ಕಾಲದ್ದು. ಅದರ ಬೆಲ್ಟು ಹರಿದರೆ ನಾನೇ ಹಾಕುತ್ತೇನೆ, ಎಣ್ಣೆ ನಾನೇ ಬಿಡುತ್ತೇನೆ, ಕೆಳಗಿನ ಬಾಬಿನ್ ಪೆಟ್ಟಿಗೆಯನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುತ್ತೇನೆ. ಇವತ್ತಿನವರೆಗೆ ಆ ಯಂತ್ರ ಮೆಕ್ಯಾನಿಕ್ಕಿನ ಮುಖ ನೋಡಿಲ್ಲ. ಇಂಥ ನನಗೆ ಅಂಗೈಯಗಲದ ಫೋನು ಯಾವ ಲೆಕ್ಕ!

ಆ ಸೋಮವಾರ ಬೆಳಿಗ್ಗೆ ನನ್ನ ಫೋನು ಆರಿಹೋಯಿತು. ಚಾರ್ಜಿಗೆ ಹಚ್ಚಿದರೆ ಬ್ಯಾಟರಿಯ ಚಿತ್ರ ತೋರಿಸಿ ಮತ್ತೆ ಕಣ್ಣು ಮುಚ್ಚುತ್ತಿತ್ತು. ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಆದರೆ ಅದರೊಳಗೆ ಅಂಬಿಕಾಳ ಅಳತೆ ಇತ್ತು.

ಅಂಬಿಕಾ ಹುಮನಾಬಾದಿನ ಸಂಗಮ್ಮಕ್ಕನ ಮಗಳು. ಬರುವ ರವಿವಾರ ಅವಳ ಲಗ್ನ, ಅದಕ್ಕೆ ಐದು ಬ್ಲೌಸು ನಾನು ಹೊಲಿಯಬೇಕಿತ್ತು. ಹುಟ್ಟಿನಿಂದಲೇ ಅವಳ ಎಡ ಭುಜ ಬಲ ಭುಜಕ್ಕಿಂತ ಒಂದೂವರೆ ಬೆರಳು ಕೆಳಗಿದೆ. ಸಾಲೆಯಲ್ಲಿ ಜೊತೆಯ ಹುಡುಗಿಯರು ಅವಳನ್ನು 'ತಕ್ಕಡಿ' ಎಂದು ಕರೆಯುತ್ತಿದ್ದರಂತೆ. ಅಂದಿನಿಂದ ಅವಳು ಬೇಸಿಗೆಯಲ್ಲೂ ಹೆಗಲ ಮೇಲಿನ ದುಪಟ್ಟಾ ತೆಗೆದವಳಲ್ಲ. ಹದಿನೈದು ದಿನದ ಹಿಂದೆ ನಾನು ಅವರ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಅವಳ ಬೆನ್ನಿನ ಮೇಲೆ ಟೇಪು ಹಿಡಿದು ಐದು ಫೋಟೋ ತೆಗೆದಿದ್ದೆ. ಹೊರಗೆ ಯಾರೋ ಬಾಗಿಲು ಬಡಿದರು. ಅಂಕಿಗಳನ್ನು ಮನೆಗೆ ಹೋಗಿ ನೋಡಿಕೊಂಡರಾಯಿತು ಎಂದು ಎದ್ದು ಬಂದೆ. ಬರುವಾಗ ಆ ಹುಡುಗಿ ನನ್ನ ಕೈ ಹಿಡಿದುಕೊಂಡಿದ್ದಳು.

"ಅಕ್ಕಾ, ಯಾರಿಗೂ ತೋರಸಬ್ಯಾಡ್ರಿ."

"ಭರೋಸಾ ಇಡವಾ. ನಿನ್ನ ಲಗ್ನದಾಗ ಒಬ್ಬರ ಕಣ್ಣಿಗೂ ಅದು ಬೀಳಂಗಿಲ್ಲ" ಎಂದು ಮಾತು ಕೊಟ್ಟಿದ್ದೆ. ಮನೆಗೆ ಬಂದ ಮೇಲೆ ಬೇರೆ ಹೊಲಿಗೆಗಳ ಗಡಿಬಿಡಿಯಲ್ಲಿ ಆ ಫೋಟೋ ತೆರೆದು ನೋಡುವುದೇ ಆಗಿರಲಿಲ್ಲ.

ಫೋನು ಹಿಡಿದು ಪೇಟೆಯ ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಬ್ಯಾಟರಿ ಹೋಗ್ಯಾದ್ರಿ ಬಾಯಿ. ಒಳಗ ಅಂಟು ಹಚ್ಚಿರತಾರ, ಕಾಸಿ ಬಿಚ್ಚಬೇಕು. ಇಟ್ಟು ಹೋಗ್ರಿ, ನಾಡದ ಬರ್ರಿ. ಈ ಚೀಟಿ ಮ್ಯಾಲ ಲಾಕ್ ನಂಬರ್ ಬರೀರಿ."

"ಲಾಕ್ ನಂಬರ್ ಯಾಕ್ರಿ?"

"ಚಾಲೂ ಆದ ಮ್ಯಾಲ ನೋಡಬೇಕಲ್ಲರಿ, ಎಲ್ಲಾ ಬರೋಬ್ಬರಿ ಅದನೋ ಇಲ್ಲೋ."

ಹಾಗೆನ್ನುತ್ತಲೇ ಅವನು ರಿಪೇರಿಯಾದ ಇನ್ನೊಂದು ಫೋನನ್ನು 'ನೋಡುತ್ತಿದ್ದ'. ಯಾರದೋ ಮನೆಯ ತೊಟ್ಟಿಲ ಕಾರ್ಯದ ಫೋಟೋಗಳು ಒಂದರ ಹಿಂದೆ ಒಂದು ಸರಿಯುತ್ತಿದ್ದವು. ಪಕ್ಕದಲ್ಲಿ ನಿಂತಿದ್ದ ಗಿರಾಕಿಯೂ ಕತ್ತು ಚಾಚಿ ತನಿಖೆಯಲ್ಲಿ ಪಾಲ್ಗೊಂಡಿದ್ದ. ನನ್ನ ಫೋನನ್ನು ಅವನ ಮುಂದಿನಿಂದ ಎತ್ತಿಕೊಂಡೆ.

"ಬ್ಯಾಟರಿ ಅಷ್ಟ ಕೊಡ್ರಿ. ನಾನೇ ಹಾಕ್ಕೋತೀನಿ" ಎಂದೆ.

ಅವನು ನಕ್ಕ. "ಇದು ಬ್ಲೌಸಿನ ಗುಂಡಿ ಅಲ್ರಿ, ಬಾಯಿ!"

ಈ ಮಾತು ನನಗೆ ನಾಟಿತು. ಬ್ಯಾಟರಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಯುದ್ಧಕ್ಕೆ ಹೊರಟವಳಂತೆ ಮನೆಗೆ ಬಂದೆ.

ಮರುದಿನ ಪಕ್ಕದ ಮನೆಯ ಜಗದೇವಿಯ ಫೋನಿನಲ್ಲಿ ಒಂದು ವೀಡಿಯೊ ನೋಡಿದೆವು. ಒಬ್ಬ ಮನುಷ್ಯ ಫೋನಿನ ಬೆನ್ನನ್ನು ಅದೆಂಥದೋ ಬಿಸಿಗಾಳಿಯ ಯಂತ್ರದಿಂದ ಕಾಸಿ, ಸಿಪ್ಪೆ ಸುಲಿದಷ್ಟು ಸಲೀಸಾಗಿ ತೆಗೆದ. ಅಂಥ ಯಂತ್ರ ನಮ್ಮಲ್ಲಿ ಇರಲಿಲ್ಲ. ಆದರೆ ಇಸ್ತ್ರಿ ಪೆಟ್ಟಿಗೆ ಇತ್ತಲ್ಲ!

"ಅಕ್ಕಾ, ಸುಡಂಗಿಲ್ಲೇನ್ರಿ?" ಜಗದೇವಿ ಗೋಡೆಯವರೆಗೆ ಸರಿದು ನಿಂತಳು.

"ಹುಚ್ಚಿ, ಎಷ್ಟು ರೇಶ್ಮಿ ಸೀರಿಗಿ ಇಸ್ತ್ರಿ ಮಾಡೀನಿ ನಾ! ಮ್ಯಾಲೊಂದು ಹಸಿ ಬಟ್ಟಿ ಹಾಕಿದ್ರ ಮುಗೀತು."

ಹಸಿ ಬಟ್ಟೆ ಹಾಸಿ ಮೆಲ್ಲಗೆ ಒತ್ತಿದೆ. ಚುಂಯ್ ಎಂದು ಹಬೆ ಎದ್ದಿತು. ಸೂಜಿ ತೂರಿಸಿ ಎಬ್ಬಿದಾಗ ಬೆನ್ನು ಬಂದೇಬಿಟ್ಟಿತು. ಬರುವಾಗ ಹಪ್ಪಳದಂತೆ ಸೊಟ್ಟಗಾಗಿತ್ತು, ಅದು ಬೇರೆ ಮಾತು. "ಗುಂಡಿ ಅಲ್ಲ ಅಂದಿದ್ದಲ್ಲ ಆ ಮನಷ್ಯಾ? ಕರೀ ಅವನ್ನ!" ಎಂದು ನಾನು ಜಗದೇವಿಯ ಮುಂದೆ ಗರ್ಜಿಸಿದೆ.

ಒಳಗೆ ಎಳ್ಳುಕಾಳಿನಷ್ಟು ಸ್ಕ್ರೂಗಳು. ಬಾಬಿನ್ ಪೆಟ್ಟಿಗೆಯ ಚಿಕ್ಕ ಸ್ಕ್ರೂಡ್ರೈವರಿನಿಂದ ಬಿಚ್ಚಿ, ಕಳೆದುಹೋಗಬಾರದೆಂದು ಅತ್ಯಂತ ಮುಂದಾಲೋಚನೆಯಿಂದ ನನ್ನ ಅಯಸ್ಕಾಂತಕ್ಕೆ ಅಂಟಿಸಿದೆ. ನೆಲಕ್ಕೆ ಬಿದ್ದ ಸೂಜಿ ಹುಡುಕಲು ಪ್ರತಿ ದರ್ಜಿಯ ಹತ್ತಿರವೂ ಒಂದು ಅಯಸ್ಕಾಂತ ಇರುತ್ತದೆ. ನನ್ನದಕ್ಕೆ ಆಗಲೇ ನಾವು ಟಾಚಣಿ ಎನ್ನುವ ಗುಂಡುಸೂಜಿ, ಹುಕ್ಕು, ಮುರಿದ ಸೂಜಿಗಳ ದೊಡ್ಡ ಸಂಸಾರ ಅಂಟಿಕೊಂಡಿತ್ತು. ಸ್ಕ್ರೂಗಳು ಆ ಸಂಸಾರದಲ್ಲಿ ಸೇರಿಹೋದವು. ಆಮೇಲೆ ಯಾವುದು ಫೋನಿನದು, ಯಾವುದು ಬ್ಲೌಸಿನದು ಎಂದು ಆರಿಸುವುದರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತು.

ಹಳೆಯ ಬ್ಯಾಟರಿಯನ್ನು ಕಿತ್ತು ಹೊಸದನ್ನು ಕೂರಿಸಿದೆ. ಎಲ್ಲ ಚೆಂದಾಗಿ ಕೂತಿತು. ಇನ್ನೇನು ಮುಚ್ಚಬೇಕು, ಅಷ್ಟರಲ್ಲಿ ಒಂದು ಕಡೆ ಸಣ್ಣ ಕಪ್ಪು ಪಟ್ಟಿಯೊಂದು ಮೇಲಕ್ಕೆ ಚಾಚಿಕೊಂಡಿರುವುದು ಕಂಡಿತು. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ. ಕೆಲಸ ಮುಗಿದ ಮೇಲೆ ಚಾಚಿಕೊಂಡಿರುವ ದಾರ ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ.

ಕಚಕ್!

"ಏನ್ ಕತ್ತರಿಸಿದ್ರಿ ಅಕ್ಕಾ?" ಎಂದಳು ಜಗದೇವಿ.

"ದಾರ" ಎಂದೆ. ಹೇಳುತ್ತಿದ್ದಂತೆಯೇ ಫೋನಿನೊಳಗೆ ದಾರ ಇರುವುದಿಲ್ಲ ಎಂಬುದು ಹೊಳೆಯಿತು.

ಮುಚ್ಚಿ ಗುಂಡಿ ಒತ್ತಿದೆ. ಫೋನು ಗುರ್ ಎಂದು ನಡುಗಿತು. ಜೀವ ಬಂದಿತ್ತು, ಆದರೆ ಪರದೆ ಕತ್ತಲು. ಮೂರು ಸ್ಕ್ರೂ ಉಳಿದಿದ್ದವು. ಅದೇ ಹೊತ್ತಿಗೆ ಅದು ದೊಡ್ಡ ದನಿಯಲ್ಲಿ ರಿಂಗಾಗತೊಡಗಿತು. ಯಾರ ಕರೆಯೋ ಕಾಣದು, ಎತ್ತಲು ಬಾರದು, ನಿಲ್ಲಿಸಲೂ ಬಾರದು! ದಿಂಬಿನ ಕೆಳಗಿಟ್ಟು ಮೇಲೆ ಕೂತೆ. ಅದು ನನ್ನ ಕೆಳಗೇ ರಿಂಗಾಯಿತು.

ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರ ಫೋನು ರಿಂಗಾಯಿತು. ಅವರದು ಗುಂಡಿಗಳಿರುವ ಹಳೆಯ ಫೋನು, ಬೆನ್ನಿಗೆ ರಬ್ಬರ್ ಬ್ಯಾಂಡು. ಎಷ್ಟು ಸಲ ಬಿದ್ದರೂ ಎರಡು ಹೋಳಾಗುತ್ತದೆ, ಜೋಡಿಸಿದರೆ ಮತ್ತೆ ಮಾತಾಡುತ್ತದೆ.

"ಹಾಂ ಸಂಗಮ್ಮಕ್ಕಾ, ನಮಸ್ಕಾರ್ರಿ. ಇಲ್ಲೇ ಅದಾಳ್ರಿ. ಫೋನಿಗಿ ಇಸ್ತ್ರಿ ಮಾಡಾಕತ್ತಾಳ" ಎಂದು ಆ ಪುಣ್ಯಾತ್ಮರು ಇದ್ದದ್ದನ್ನು ಇದ್ದಂತೆಯೇ ಹೇಳಿಬಿಟ್ಟರು. ಆ ಕಡೆಯಿಂದ ಸಂಗಮ್ಮಕ್ಕ ಏನು ಅಂದಳೋ, ಇವರು ಫೋನು ಇಟ್ಟು ನನ್ನ ಕಡೆ ತಿರುಗಿದರು. "ಶನಿವಾರ ಬ್ಲೌಸ್ ಬರಲೇಬೇಕಂತ. ಅಲ್ಲಾ, ಅಳತಿ ಬರಕೊಳ್ಳಾಕ ಒಂದು ಚೀಟಿ ಸಿಗಲಿಲ್ಲೇನು ನಿನಗ?"

"ಚೀಟಿ ಹಳೇ ಕಾಲದ್ದು" ಎಂದೆ. ಉಳಿದ ಮೂರು ಸ್ಕ್ರೂಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಬುಧವಾರ ಬೆಳಿಗ್ಗೆ, ಬ್ಲೌಸಿನ ಪಟ್ಟಿಗೆ ಹಾಕುವ ಇಲಾಸ್ಟಿಕ್ಕನ್ನೇ ಫೋನಿಗೆ ಸುತ್ತಿ ಹುಮನಾಬಾದಿನ ಬಸ್ಸು ಹತ್ತಿದೆ. ಅಲ್ಲಿ ಒಬ್ಬ ವಯಸ್ಸಾದ ಚಾಚಾ ಇದ್ದಾರೆ, ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಗಿರಾಕಿಯ ಎದುರಿಗೇ ಬಿಚ್ಚುತ್ತಾರೆ, ಎದುರಿಗೇ ಮುಚ್ಚುತ್ತಾರೆ ಎಂದು ಜಗದೇವಿ ಹೇಳಿದ್ದಳು.

ಚಾಚಾ ಇಲಾಸ್ಟಿಕ್ ಬಿಚ್ಚಿ, ಕನ್ನಡಕ ಏರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದರು.

"ಬಾಯಿ, ಇದರಾಗಿಂದ ಇಸ್ತ್ರಿ ವಾಸನಿ ಬರಾಕತ್ತದಲ್ಲ?"

"ಹಸಿ ಬಟ್ಟಿ ಹಾಕೇ ಮಾಡೀನ್ರಿ ಚಾಚಾ."

"ಯಾ ಅಲ್ಲಾ! ಬ್ಯಾಟರಿ ಭುಗ್ ಅಂದಿದ್ರ ಈ ಕೈ ಉಳೀತಿದ್ದಿಲ್ಲ. ಮ್ಯಾಲಿದ್ದಂವ ಕಾಯ್ದಾನ." ಆಮೇಲೆ ಒಳಗೆ ನೋಡಿದರು. "ಮತ್ತ ಇದನ್ನ ಯಾರು ಕತ್ತರಿಸಿದ್ರು?"

ನಾನು ರಸ್ತೆ ಕಡೆ ನೋಡಿದೆ. ಅವರು ನಗಲಿಲ್ಲ, ದೊಡ್ಡವರು. ನನಗೇ ದುಃಖ ಒತ್ತರಿಸಿ ಬಂತು. "ಚಾಚಾ, ಹಿಂಗ್ಯಾಕ ಮಾಡತಾರ್ರಿ ಇವನ್ನ? ಹೊಲಿದ ಮ್ಯಾಲ ಬಿಚ್ಚಾಕ ಬರಲಾರದಂಥ ಬಟ್ಟಿ ನಾ ಇವತ್ತಿನ ತನಾ ಹೊಲದಿಲ್ಲ."

"ಹಂಗಾದ್ರ ಹ್ಯಾಂಗಿರಬೇಕು, ನೀವೇ ಹೇಳ್ರಿ" ಎಂದರು ಚಾಚಾ, ಚಿಮಟಿಗೆ ಕೈಗೆತ್ತಿಕೊಳ್ಳುತ್ತ.

ನನ್ನ ಗಿರಾಕಿಗಳು ನನ್ನ ಮುಂದೆ ಹೇಳುವ ಹಾಗೆಯೇ ನಾನು ಆರ್ಡರು ಕೊಟ್ಟೆ. "ಮೊದಲಿಗಿ, ಬೆನ್ನಿಗಿ ಹುಕ್ಕು ಇರಬೇಕ್ರಿ. ತೆಗಿ ಅಂದ್ರ ತೆಗೀಬೇಕು, ಹಾಕು ಅಂದ್ರ ಹಾಕಬೇಕು. ಅಂಟು ಹಚ್ಚೋದು ಹೊಲಿಗಿ ಬರಲಾರದವರ ಕೆಲಸ. ಸ್ಕ್ರೂ ಎಲ್ಲಾ ಒಂದೇ ಅಳತಿ ಇರಬೇಕು. ಆಮ್ಯಾಲ ಒಳಗ ಮಾರ್ಜಿನ್ ಬಿಟ್ಟಿರಬೇಕು. ನಾ ಪ್ರತಿ ಬ್ಲೌಸಿಗೂ ಬದಿಗಿ ಎರಡು ಬೆರಳು ಬಟ್ಟಿ ಬಿಡತೀನಿ, ಮೈ ತುಂಬಿದ್ರ ಬಿಚ್ಚಿ ಸಡ್ಲ ಮಾಡಬೇಕಲ್ಲರಿ. ಇದು ನೋಡಿದ್ರ ನಾಕು ಫೋಟೋಕ್ಕ 'ಜಾಗ ಇಲ್ಲ' ಅಂತ ನನಗೇ ಬೈತದ!"

"ಮತ್ತ?"

"ಸೂಜಿ ಸಿಕ್ಕಂಗ ಇದರ ಸಾಮಾನ ಪ್ಯಾಟಿಯಾಗ ಸಿಗಬೇಕು. ನನ್ನ ಮಷಿನ್ ಮಾಡಿದಂವ ಅದಾನೋ ಸತ್ತಾನೋ ಗೊತ್ತಿಲ್ಲ, ಅದರ ಸೂಜಿ ಇವತ್ತಿಗೂ ಸಿಗತಾವ. ಮತ್ತ ಫೋಟೋ ಇಡೋ ಡಬ್ಬಿ ಬ್ಯಾರೆ ಇರಬೇಕು. ರಿಪೇರಿಗಿ ಕೊಡೋ ಮುಂದ ಅದನ್ನ ತೆಗದು ಸೆರಗಿಗಿ ಗಂಟ ಹಾಕ್ಕೊಂಡು ನಾ ಮನಿಗಿ ಹೋಗಬೇಕು."

"ಬರೋಬ್ಬರಿ ಮಾತು. ಇನ್ನೇನರ?"

"ಕತ್ರಿ ಹಿಡಿದ ಹೆಣ್ಮಗಳು ಹತ್ರ ಬಂದ್ರ ಚೀರಬೇಕ್ರಿ."

ಈಗ ಚಾಚಾ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂಥಾ ಫೋನ್ ಬಂದ್ರ ಊರಾಗಿನ ಹೆಣ್ಮಕ್ಕಳೆಲ್ಲಾ ಬಿಚ್ಚತೀರಿ, ಆಮ್ಯಾಲ ನನ್ನ ಅಂಗಡಿ ಮುಂದ ಪಾಳಿ ಹಚ್ಚತೀರಿ. ಬರಲಿ, ಜಲ್ದಿ ಬರಲಿ!" ನಗು ನಿಂತ ಮೇಲೆ ನಿಜ ಹೇಳಿದರು. ಪರದೆ ಹೈದರಾಬಾದಿನಿಂದ ಬರಬೇಕು, ಮುಂದಿನ ವಾರವೇ ಆದೀತು. ಫೋನನ್ನು ನನ್ನ ಕೈಗೇ ವಾಪಸು ಕೊಟ್ಟು, "ನಿಮ್ಮ ಹತ್ರಾನೇ ಇರಲಿ. ಸಾಮಾನ ಬಂದ ಮ್ಯಾಲ ನಿಮ್ಮ ಕಣ್ಣಮುಂದ ಹಾಕತೀನಿ" ಎಂದರು. ಆ ಮಾತಿಗೆ ಅವರ ಕಾಲು ಮುಟ್ಟಬೇಕೆನ್ನಿಸಿತು.

ಇನ್ನು ಉಳಿದದ್ದು ಒಂದೇ ದಾರಿ. ಸಂಗಮ್ಮಕ್ಕನ ಮನೆ.

ಮನೆ ತುಂಬ ಬೀಗರು, ಬಳಗ. ಮದುಮಗಳ ಅಳತೆ ಮತ್ತೆ ಯಾಕೆ ಎಂದು ಒಬ್ಬರು ಕೇಳಿದರೂ ಸಾಕು, ಹತ್ತು ಜನ ಅವಳ ಭುಜ ನೋಡುತ್ತಾರೆ. ಬಾಗಿಲಲ್ಲೇ ನನಗೊಂದು ಭಾರಿ ಉಪಾಯ ಹೊಳೆಯಿತು.

"ಮದುಮಗಳ ಒಬ್ಬಾಕಿದೇ ಅಳತಿ ತಗೋಬಾರದ್ರಿ, ದೃಷ್ಟಿ ಆಗತದ! ಮನಿ ಹೆಣ್ಮಕ್ಕಳದೆಲ್ಲಾ ತಗೋಬೇಕು. ಒಬ್ಬೊಬ್ಬರೇ ಒಳಗ ಬರ್ರಿ" ಎಂದು ಸಾರಿದೆ. ಇಂಥ ಪದ್ಧತಿ ಆ ಕ್ಷಣದವರೆಗೆ ಭೂಮಿಯ ಮೇಲೆ ಇರಲಿಲ್ಲ.

ಮೊದಲು ಅಜ್ಜಿ, ಆಮೇಲೆ ಇಬ್ಬರು ದೊಡ್ಡಮ್ಮಂದಿರು, ಮೂವರು ಸೋದರತ್ತೆಯರು. ಕೊನೆಗೆ ಅಂಬಿಕಾ ಬಂದು ಬಾಗಿಲು ಹಾಕಿದಳು.

"ಅಕ್ಕಾ, ಫೋಟೋ ಹೋದವೇನ್ರಿ?" ಎಂದು ಪಿಸುಗುಟ್ಟಿದಳು. ಮುಖ ಬಿಳುಚಿತ್ತು.

"ಇಲ್ಲವಾ, ಭದ್ರ ಅವ. ಯಾರಿಗೂ ಕಾಣಂಗಿಲ್ಲ" ಎಂದೆ. ಆ ಮುಖ ನೋಡಿ ಅರ್ಧ ಮಾತಿಗೇ ನಿಲ್ಲಿಸಲು ಆಗಲಿಲ್ಲ. "ನನಗೂ ಕಾಣಂಗಿಲ್ಲ."

ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಆ ನಗುವಿನಲ್ಲೇ ಅಳತೆ ತೆಗೆದೆ, ಈ ಸಲ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ.

ಹೊರಗೆ ಬಂದರೆ ಚಾಪೆಯ ಮೇಲೆ ಬ್ಲೌಸ್ ಪೀಸುಗಳ ರಾಶಿ! ಅಳತೆ ಕೊಟ್ಟವರೆಲ್ಲ ಟ್ರಂಕು ತೆಗೆದು ಬಟ್ಟೆ ತಂದಿಟ್ಟಿದ್ದರು.

"ಎಂಥಾ ದೊಡ್ಡ ಮನಸ್ಸವಾ ನಿಂದು ಶಕುಂತಲಾ! ಎಲ್ಲಾರಿಗೂ ಹೊಲದು ಕೊಡತೀನಿ ಅಂದಿ" ಎಂದು ಸಂಗಮ್ಮಕ್ಕ ಕಣ್ಣೊರೆಸಿಕೊಂಡಳು.

"ನಂದು ತೋಳ ಸ್ವಲ್ಪ ಉದ್ದ ಇಡವ್ವಾ" ಎಂದಳು ಅಜ್ಜಿ.

ಅಂಬಿಕಾಳ ಐದು, ಬಳಗದ ಆರು. ಒಟ್ಟು ಹನ್ನೊಂದು ಬ್ಲೌಸು, ಮೂರು ದಿನ! ಆ ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿದ್ದು ಕಡಿಮೆ. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಹುಕ್ಕು ಹಚ್ಚಲು ಕೂತರು. ಅಜ್ಜಿಯ ಬ್ಲೌಸಿನ ಹುಕ್ಕುಗಳನ್ನು ತಮ್ಮ ಲುಂಗಿಗೂ ಸೇರಿಸಿ ಹೊಲಿದುಬಿಟ್ಟರು, ಎದ್ದಾಗ ಬ್ಲೌಸು ಜೊತೆಗೇ ಎದ್ದಿತು. "ಈ ಕೆಲಸಕ್ಕಿಂತ ನಿನ್ನ ಫೋನ್ ರಿಪೇರಿ ಹಗುರ" ಎಂದು ಗೊಣಗಿದರೂ ಕೂತಲ್ಲಿಂದ ಓಡಿಹೋಗಲಿಲ್ಲ, ಪಾಪ.

ರವಿವಾರ ಅಂಬಿಕಾ ಹಸೆಮಣೆಯ ಮೇಲೆ ದುಪಟ್ಟಾ ಇಲ್ಲದೆ ಕೂತಳು. ಎಡ ಭುಜದ ಒಳಗೆ ನಾನು ಮೂರು ಪದರ ಮೆತ್ತನೆಯ ಬಟ್ಟೆ ಇಟ್ಟು ಹೊಲಿದಿದ್ದೆ. ಹಾರ ಎರಡೂ ಕಡೆ ಸಮನಾಗಿ ಇಳಿದಿತ್ತು. ಸಾಲೆಯ ಗೆಳತಿಯೊಬ್ಬಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, "ಯಾರ ಕಡೆ ಹೊಲಿಸೀದಿ? ನನಗೂ ಹೇಳ" ಎಂದಳು. ಅಂಬಿಕಾ ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. ನಾನು ಮೂಲೆಯಲ್ಲಿ ನಿಂತು ಅತ್ತೆ, ಸಂತೋಷಕ್ಕೇ ಅತ್ತೆ. ಬಗ್ಗಿ ಕಣ್ಣೊರೆಸಿಕೊಳ್ಳಲು ಮಾತ್ರ ಹೆದರಿಕೆ. ನನ್ನ ಬ್ಲೌಸಿಗೆ ಹುಕ್ಕು ಹಚ್ಚಲು ಹೊತ್ತು ಸಿಕ್ಕಿರಲಿಲ್ಲ, ಏಳು ಟಾಚಣಿಗಳ ಮೇಲೆ ನಿಂತಿತ್ತು.

ಮುಂದಿನ ವಾರ ಚಾಚಾ ನನ್ನೆದುರಿಗೇ ಹೊಸ ಪರದೆ ಹಾಕಿದರು. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಇಷ್ಟೆಲ್ಲ ಪಡಿಪಾಟಲಿಗೆ ಕಾರಣವಾದ ಆ ಫೋಟೋಗಳನ್ನು ತೆರೆದೆ.

ಐದೂ ಇದ್ದವು. ಅಂಬಿಕಾಳ ಬೆನ್ನು, ಭುಜ, ಟೇಪು ಎಲ್ಲ ಸ್ಪಷ್ಟ. ಅಂಕಿ ಇರುವ ಜಾಗದಲ್ಲಿ, ಐದರಲ್ಲೂ, ಟೇಪು ಒತ್ತಿ ಹಿಡಿದ ನನ್ನದೇ ಹೆಬ್ಬೆರಳು!

"ಸಿಕ್ಕವೇನು ಅಳತಿ?" ಎಂದು ಹೊರಗಿನಿಂದ ನಮ್ಮ ಮನೆಯವರು ಕೂಗಿದರು.

"ಎಲ್ಲಾ ಸಿಕ್ಕವ್ರಿ, ಒಂದೂ ಹೋಗಿಲ್ಲ" ಎಂದು ಕೂಗಿ ಹೇಳಿ, ಅವರು ಒಳಗೆ ಬರುವುದರೊಳಗೆ ಐದನ್ನೂ ಅಳಿಸಿಬಿಟ್ಟೆ.