ಹೊಲ ನೋಡುವ ಶಾಸ್ತ್ರ

ಹೆಣ್ಣು ಕೊಡುವ ಮೊದಲು ಗಂಡಿನ ಹೊಲವನ್ನು ನಡೆದು ನೋಡುವುದು ಐರ್ಲೆಂಡಿನ ಹಳ್ಳಿಗಳ ಹಳೆಯ ಪದ್ಧತಿ. ೨೦೧೪ರ ಮೇ ತಿಂಗಳಲ್ಲಿ ಸದರಿ ಪದ್ಧತಿಯು ಇಂಗ್ಲೆಂಡಿನ ಡರ್ಬಿಯಲ್ಲಿ ನೆಲೆಸಿದ್ದ ನಿವೃತ್ತ ಡಾಕ್ಟರು ವೀರಭದ್ರಪ್ಪನವರ ಮನೆಗೂ ಅನ್ವಯವಾಯಿತು.

ಅವರ ಮಗ ಎಂಜಿನಿಯರ್ ಶಿವರಾಜನಿಗೆ ಮೂವತ್ತಾರು ದಾಟಿತ್ತು. ಫೋಟೋ ಹನ್ನೊಂದು ಕಡೆ ಹೋಗಿ ಹನ್ನೊಂದು ಕಡೆಯಿಂದಲೂ ವಾಪಸಾಗಿತ್ತು. ಈಗ ಜೊತೆಯಲ್ಲಿ ಕೆಲಸ ಮಾಡುವ ಐರಿಷ್ ಹುಡುಗಿ ಮೇವ್ ತಾನಾಗಿ ಒಪ್ಪಿದ್ದಳು. ಅವಳ ಸೋದರಮಾವ ಪಾಡ್ರಿಗ್ ಮಾತ್ರ, ಹೊಲ ನೋಡಿದ ಮೇಲೆಯೇ ಮಾತು ಎಂದು ಹೇಳಿಕಳಿಸಿದ. ವೀರಭದ್ರಪ್ಪನವರಿಗೆ ಊಟ ಸೇರದಾಯಿತು. ಅವರಿಗಿದ್ದ ಹೊಲವೆಂದರೆ ಹಿತ್ತಲಿನ ಹದಿನಾಲ್ಕು ಹೆಜ್ಜೆ ಹುಲ್ಲು, ಹೆಂಡತಿ ನೀಲಮ್ಮನ ಮೆಂತ್ಯದ ಕುಂಡ.

ಬೀದಿಯ ಕನ್ನಡ ಬಳಗ ತುರ್ತುಸಭೆ ಸೇರಿ ಸುತ್ತೋಲೆ ಹೊರಡಿಸಿತು: "ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಳಗದ ಐದೂ ಮನೆಗಳ ಹಿತ್ತಲಿನ ಬೇಲಿಗಳನ್ನು ತೆಗೆಯತಕ್ಕದ್ದು. ಸದರಿ ಅವಧಿಯಲ್ಲಿ ಹಿತ್ತಲಲ್ಲಿ ಕಂಡುಬರುವ ಮಾಲೀಕರನ್ನು ಕೂಲಿಯಾಳುಗಳೆಂದು ಭಾವಿಸತಕ್ಕದ್ದು."

ಪಕ್ಕದ ಮನೆಯ ಹೃದ್ರೋಗ ತಜ್ಞ ಅಚ್ಯುತರು ಆಸ್ಪತ್ರೆಯ ಡ್ಯೂಟಿ ಪಾಳಿ ಬದಲಿಸಿಕೊಂಡು ಬಂದು ಸಲಿಕೆ ಹಿಡಿದು ನಿಂತರು.

ಪಾಡ್ರಿಗ್ ಐದೂ ಹಿತ್ತಲನ್ನು ಒಂದೇ ಹೊಲವೆಂದು ಗಂಭೀರವಾಗಿ ನಡೆದು ನೋಡಿದ. "ಆಳು ಹಳಬನೇ?" ಎಂದು ಅಚ್ಯುತರನ್ನು ತೋರಿಸಿ ಕೇಳಿದ.

"ಹದಿನೈದು ವರ್ಷದಿಂದ ನಮ್ಮಲ್ಲೇ ಇದ್ದಾನೆ," ಎಂದರು ವೀರಭದ್ರಪ್ಪ. ಹಾಗೆ ಹೇಳಿದ್ದು ಅವರಿಗೆ ಹಿತವೇ ಎನಿಸಿತು.

ಮಾತು ಪಕ್ಕಾ ಮಾಡುವ ತನ್ನೂರಿನ ಪದ್ಧತಿಯಂತೆ ಪಾಡ್ರಿಗ್ ಅಂಗೈಗೆ ಉಗುಳಿ ಕೈ ಚಾಚಿದ. ನಲವತ್ತು ವರ್ಷ ಕೈ ತೊಳೆಯಿರೆಂದು ಊರಿಗೆಲ್ಲ ಹೇಳಿದ ವೀರಭದ್ರಪ್ಪನವರು ಆ ಕೈಯನ್ನು ಕುಲುಕಿದರು.

ಮದುವೆ ಸಾಂಗವಾಗಿ ನಡೆಯಿತು.

"ಸಾರ್, ಬೇಲಿ ಯಾವಾಗ ಹಾಕೋಣ?" ಎಂದು ಅಚ್ಯುತರು ಕೇಳಿದರು.

"ಹಾಕೋಣ, ಹಾಕೋಣ. ಬೀಗರು ಬಂದು ಹೋಗ್ತಿರ್ತಾರಲ್ಲ. ಒಂದು ಅರ್ಜಿ ಕೊಟ್ಟಿರಿ."

ಅರ್ಜಿ ಪರಿಶೀಲನೆಯಲ್ಲಿರುವಾಗಲೇ ವರ್ಷ ತಿರುಗಿತು. ಅಚ್ಯುತರ ಮಗ ಅಭಿರಾಮನೂ ಮೇವ್‌ಳ ತಂಗಿಯೂ ಒಬ್ಬರನ್ನೊಬ್ಬರು ಮೆಚ್ಚಿದರು. ಪಾಡ್ರಿಗ್ ಮತ್ತೆ ಹೊಲ ನೋಡಲು ಹೊರಟ. ಆಳಿನ ಮಗನಿಗೆ ಅವನು ಹೆಣ್ಣು ಕೊಡುವುದಿಲ್ಲವಾದ್ದರಿಂದ, ಅಭಿರಾಮನು ವೀರಭದ್ರಪ್ಪನವರ ಎರಡನೆಯ ಮಗನೆಂದು ಬಳಗವು ಸರ್ವಾನುಮತದಿಂದ ಠರಾವು ಮಾಡಿತು. ಅನುಮೋದಿಸಿದವರು ಅಚ್ಯುತರೇ.

ಭಾನುವಾರ ಕೈ ಕುಲುಕಿ ಮಾತು ಮುಗಿದ ಮೇಲೆ ಪಾಡ್ರಿಗ್ ಹಿಂತಿರುಗಿ ನೋಡಿದ. "ನಿಮ್ಮ ಆಳು ಅಳ್ತಿದ್ದಾನಲ್ಲ?"

ವೀರಭದ್ರಪ್ಪನವರೂ ನೋಡಿದರು. "ಹೇ ಫೀವರ್," ಎಂದರು. "ಈ ತಿಂಗಳಲ್ಲಿ ಹುಲ್ಲಿನ ಪರಾಗಕ್ಕೆ ಎಲ್ಲರ ಕಣ್ಣಲ್ಲೂ ನೀರು ಬರುತ್ತೆ."

ಅಚ್ಯುತರು ಹೌದೆಂದು ತಲೆಯಾಡಿಸಿ, ನೀಲಮ್ಮ ತಂದುಕೊಟ್ಟ ಮಾತ್ರೆ ನುಂಗಿದರು.