ಸಬ್‌ವೂಫರಿಗೊಂದು ಜಾಗ

"ಈ ಜನ್ಮಕ್ಕೆ ಇದೇ ಕೊನೇ ಸ್ಪೀಕರು. ಹಾಡಿದೋರು ನಮ್ಮನೇಲೇ ಬಂದು ಕೂತಿದಾರೆ ಅನ್ನಿಸ್ಬೇಕು, ಹಂಗೆ ಕೇಳ್ಸುತ್ತೆ ನೋಡ್ತಿರು," ಎಂದು ಕನ್ನಡಕದಂಗಡಿಯ ಯಜಮಾನರು ಹೆಂಡತಿಯ ಮುಂದೆ ಸಾರಿದರು. ಅವರ ಕೊನೇ ಸ್ಪೀಕರು ಮನೆಗೆ ಬರುತ್ತಿರುವುದು ಇದು ನಾಲ್ಕನೇ ಸಲ.

"ಬಂದು ಕೂತೋರಿಗೆ ಕಾಫಿ ಮಾಡೋರು ಯಾರು?" ಎಂದರು ಹೆಂಡತಿ, ಬಟ್ಟೆ ಮಡಚುತ್ತ.

ಎಂಟು ತಿಂಗಳು ಅಂಗಡಿ ಅಂಗಡಿ ಅಲೆದು, ಒಂದೇ ಹಾಡನ್ನು ಇನ್ನೂರು ಸಲ ಕೇಳಿ ಆರಿಸಿದ ಜೋಡಿ ಹಾರ್ನ್ ಸ್ಪೀಕರುಗಳು ಬಂದಿಳಿದವು. ಒಂದೊಂದರ ಬಾಯಿಯೂ ಬಟ್ಟೆ ನೆನೆಹಾಕುವ ಟಬ್ಬಿನಷ್ಟು ಅಗಲ. ಜೊತೆಗೆ ಸಬ್‌ವೂಫರ್, ಅಂದರೆ ಬರೀ ಗುಡುಗುವುದಕ್ಕೆಂದೇ ಹುಟ್ಟಿದ, ಟ್ರಂಕಿನಂಥ ಕರೀ ಪೆಟ್ಟಿಗೆ. ಇವಕ್ಕೆ ಜಾಗ ಬಿಡಿಸಲು ಹೆಂಡತಿಯ ಹೊಲಿಗೆ ಯಂತ್ರ ಕಿಟಕಿ ಪಕ್ಕದಿಂದ ಕತ್ತಲೆ ಕೋಣೆಗೆ ಹೋಯಿತು.

"ಏಳು ದಿನದೊಳಗೆ ವಾಪಸ್ ತಗೋತಾರಂತಲ್ಲ. ಭಾನುವಾರ ಸಂಜೆಯೊಳಗೆ ನಿಮ್ಮ ಬಾಯಲ್ಲಿ 'ಆಹಾ' ಬರ್ಬೇಕು. ಇಲ್ಲಾಂದ್ರೆ ಇವು ಆಚೆ. ಆಮೇಲೆ ಈ ಮನೇಲಿ ಸ್ಪೀಕರ್ ಅನ್ನೋ ಮಾತೇ ಕೂಡ್ದು," ಎಂದರು ಹೆಂಡತಿ. ಯಜಮಾನರು ಎದೆಯುಬ್ಬಿಸಿ ಒಪ್ಪಿದರು.

ಆರು ದಿನ ಕಳೆದರೂ 'ಆಹಾ' ಬರಲಿಲ್ಲ. ತಮ್ಮ ಕುರ್ಚಿಯಲ್ಲಿ ಕೂತರೆ ಡ್ರಮ್ಮು ಪಕ್ಕದ ಬೀದಿಯಲ್ಲಿ ಬಾರಿಸಿದ ಹಾಗೆ ಕೇಳುತ್ತಿತ್ತು. ಹಗಲೆಲ್ಲ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತ, "ಈಗ ಚೆನ್ನಾಗಿದೆಯೋ, ಮೊದಲೇ ಚೆನ್ನಾಗಿತ್ತೋ?" ಎಂದು ಕೇಳಿ ಕೇಳಿ ಸುಸ್ತಾಗಿ ಬಂದ ಮನುಷ್ಯ, ಮನೆಯಲ್ಲೂ ಪೆಟ್ಟಿಗೆಯನ್ನು ಒಂದು ಗೇಣು ಸರಿಸಿ ಅದನ್ನೇ ಕೇಳಬೇಕಾಯಿತು.

"ಎರಡೂ ಒಂದೇ ರೀ."

"ಸರಿಯಾಗಿ ಕೇಳಿ ಹೇಳೇ."

"ಹಂಗಾದ್ರೆ ಮೊದಲೇ ಚೆನ್ನಾಗಿತ್ತು. ಇವು ಬರೋಕೆ ಮೊದಲು."

ಭಾನುವಾರ ಬೆಳಿಗ್ಗೆ ಸ್ಪೀಕರ್ ಅಂಗಡಿಯವನು ಫೋನಿನಲ್ಲಿ ಕೊನೇ ಮದ್ದು ಹೇಳಿದ. ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು ಹಾಡು ಹಾಕಬೇಕು, ಯಜಮಾನರು ಅಂಬೆಗಾಲಿಡುತ್ತ ಮನೆಯೆಲ್ಲ ಸುತ್ತಬೇಕು. ಎಲ್ಲಿ ಸ್ವರ ತುಂಬಿ ಕೇಳುವುದೋ ಅದೇ ಪೆಟ್ಟಿಗೆಯ ಜಾಗ. ಸರಿ, ಪೆಟ್ಟಿಗೆ ಸಿಂಹಾಸನವೇರಿತು, ಯಜಮಾನರು ನೆಲಕ್ಕಿಳಿದರು. ಸೋಫಾದ ಹಿಂದೆ, ಮೇಜಿನ ಕೆಳಗೆ, ಮಂಡಿ ತರಚಿಕೊಂಡು ತೆವಳಿದರು. ಸದ್ದು ತಡೆಯಲಾರದೆ ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಪಾಪ, ಏನ್ ಕಳ್ಕೊಂಡ್ರು?" ಎಂದರು.

"ಮಾನ," ಎಂದರು ಹೆಂಡತಿ.

ಕಡೆಗೆ ಅಡುಗೆಮನೆಯ ಸಿಂಕಿನ ಹತ್ತಿರ ಹೋದದ್ದೇ ತಡ, ಸ್ವರ ಎದೆಗೇ ಬಂದು ತಾಕಿತು. "ಆಹಾ," ಎಂದುಬಿಟ್ಟರು ಯಜಮಾನರು. ಎದ್ದು ನಿಂತರೂ ಅಷ್ಟೇ ಸೊಗಸು.

"ಲೇ, ಬಾ ಇಲ್ಲಿ. ಇಲ್ಲಿ ನಿಂತು ಕೇಳು!"

"ಗೊತ್ತು. ದಿನಾ ಪಾತ್ರೆ ತೊಳೀತಾ ಕೇಳ್ತೀನಲ್ಲ. ಹಳೇ ಮೂರೂ ಇಲ್ಲೇ ಚೆನ್ನಾಗಿ ಕೇಳ್ತಿದ್ವು."

"ಹೇಳ್ಬಾರ್ದಾ?"

"ಕುರ್ಚಿ ಹತ್ರ ಕರೆದು ಕೇಳ್ತಿದ್ರಿ. ಅಲ್ಲಿಂದೇನು ಹೇಳ್ಲಿ?"

"ಹಂಗಾದ್ರೆ ಪೆಟ್ಟಿಗೆ ಇಲ್ಲಿಗೇ ತರ್ತೀನಿ."

"ಅಡುಗೆಮನೆಗೆ ಅದು ಬಂದ್ರೆ ನಾನು ಆಚೆ. ಅದು ಅಲ್ಲೇ ಇರ್ಲಿ, ನೀವು ಇಲ್ಲಿ ನಿಂತು ಕೇಳಿ. ಸುಮ್ನೆ ನಿಂತ್ರೆ ಬೇಜಾರಾಗುತ್ತೆ," ಎಂದು ಹೆಂಡತಿ ಪಾತ್ರೆ ಉಜ್ಜುವ ನಾರನ್ನು ಅವರ ಕೈಗಿಟ್ಟರು.

ಸ್ಪೀಕರುಗಳು ಮನೆಯಲ್ಲೇ ಉಳಿದವು. ಕುರ್ಚಿ ಮಾತ್ರ ಯಜಮಾನರ ಕೈತಪ್ಪಿತು. ಹೊಲಿಗೆ ಯಂತ್ರ ಬೆಳಕಿಗೆ ಮರಳಿತು; ಹೆಂಡತಿ ಅದೇ ಕುರ್ಚಿಯಲ್ಲಿ, ಕೆಳಗಿಳಿಸಿದ ಪೆಟ್ಟಿಗೆಯ ಮೇಲೆ ಕಾಲಿಟ್ಟುಕೊಂಡು ಕೂರುತ್ತಾರೆ. ಯಜಮಾನರು ದಿನಾ ಊಟವಾದ ಮೇಲೆ, ಕೈತುಂಬ ನೊರೆ ಮಾಡಿಕೊಂಡು ಸಂಗೀತ ಕೇಳುತ್ತಾರೆ. ಮೊನ್ನೆ ಹೆಂಡತಿ ಗಾಜಿನ ಲೋಟವೊಂದನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. ಯಜಮಾನರು ಮತ್ತೆ ತೊಳೆದು ತಂದು, ಅಭ್ಯಾಸಬಲದಿಂದ ಅವರ ಕಣ್ಣ ಮುಂದೆ ಹಿಡಿದರು.

"ಈಗ ಚೆನ್ನಾಗಿದೆಯೋ, ಮೊದಲೇ ಚೆನ್ನಾಗಿತ್ತೋ?"

"ಎರಡೂ ಒಂದೇ ರೀ. ಇನ್ನೊಂದ್ಸಲ ತೊಳೀರಿ."