ಫ್ರಾನ್ಸಿನಲ್ಲಿ ಎಂಟು ಜನಕ್ಕೆ ಸೋಮವಾರದ ಊಟ

ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಮನೆ ನಡೆಸುವ ಕಲೆ ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ ಎಂಬುದು ನನ್ನ ವಿನಮ್ರ ಅಭಿಪ್ರಾಯವಾಗಿತ್ತು. ಗ್ಯಾಸ್ ಸಿಲಿಂಡರ್ ಯಾವ ತಾರೀಖು ಬದಲಾಯಿಸಿದೆವು, ಮಗನ ಶಾಲೆಯ ಶೂ ಎಷ್ಟು ತಿಂಗಳು ಬಾಳಿತು, ಎಲ್ಲವೂ ನನ್ನ ನೀಲಿ ಡೈರಿಯಲ್ಲಿದೆ. ಆದ್ದರಿಂದ ತೈಲದ ಬೆಲೆ ಪಾತಾಳಕ್ಕಿಳಿದು, ನಮ್ಮವರ ಕಂಪನಿ "ವಾರ್ಷಿಕ ರಜೆಯ ಟಿಕೆಟ್ ಹಣ ಈ ವರ್ಷವೇ ಕೊನೆ" ಎಂದು ಸುತ್ತೋಲೆ ಹೊರಡಿಸಿದಾಗ ನಾನು ಕಿಂಚಿತ್ತೂ ಎದೆಗುಂದಲಿಲ್ಲ.

"ಕೊನೇ ಟಿಕೆಟ್ ತಾನೆ? ಹಾಗಾದ್ರೆ ಈ ಸಲ ಮೈಸೂರು ಬೇಡ. ಫ್ರಾನ್ಸಿಗೆ ಹೋಗೋಣ" ಎಂದೆ.

ನಮ್ಮವರ ಕೈಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು. "ಆಫೀಸಲ್ಲಿ ನನ್ನ ಎದುರು ಟೇಬಲ್ಲಿನ ಪಿಳ್ಳೆಗೆ ಹೋದ ವಾರ ಕೆಲಸ ಖಲಾಸ್ ಅಂದಿದ್ದಾರೆ ಕಣೇ. ನೀನು ಫ್ರಾನ್ಸ್ ಅಂತಿದ್ದೀಯ!"

"ಅದಕ್ಕೇ ಅಂತಿದ್ದೀನಿ. ಮೈಸೂರಿಗೆ ಹೇಗೂ ಹೋಗ್ತೀವಿ. ಪರ್ಮನೆಂಟಾಗಿ!"

ಈ ಯೋಜನೆಯ ಹಿಂದೆ ನನ್ನ ನಾದಿನಿ ಸುಮನಾ ಇದ್ದಳು. ಅವಳ ಸಂಸಾರ ಇರುವುದು ಲಕ್ಸೆಂಬರ್ಗಿನಲ್ಲಿ. ಪ್ರತಿ ಬೇಸಿಗೆಯೂ ಅವರು ಕಾರಿನಲ್ಲಿ ಫ್ರಾನ್ಸಿಗೆ ಹೋಗುತ್ತಾರೆ. ಹೋಟೆಲಿಗಲ್ಲ. ಯಾವುದೋ ಹಳ್ಳಿಯಲ್ಲಿ ವಾರದ ಬಾಡಿಗೆಗೆ ಒಂದು ಮನೆ ಹಿಡಿದು, ತಾವೇ ಅಡುಗೆ ಮಾಡಿಕೊಂಡು, ಕೊನೆಯ ದಿನ ತಾವೇ ಗುಡಿಸಿ ಒರೆಸಿ ಬೀಗ ಹಾಕಿ ಬರುವ ಕಮ್ಮಿ ಖರ್ಚಿನ ಪ್ರವಾಸ. ನಮ್ಮ ಅತ್ತೆಯವರಂತೂ "ಸುಮನಾನ ಎಲ್ಲಿ ಬಿಟ್ರೂ ಸಂಸಾರ ಹೂಡ್ತಾಳೆ" ಎಂದು ಹದಿನೈದು ವರ್ಷಗಳಿಂದ ನನ್ನ ಮುಖ ನೋಡಿಯೇ ಹೇಳುತ್ತ ಬಂದಿದ್ದಾರೆ.

ಈ ಸಲ ಎರಡೂ ಸಂಸಾರ ಸೇರಿ ಬರ್ಗಂಡಿ ಕಡೆಯ ಒಂದು ಹಳ್ಳಿಯಲ್ಲಿ ಮನೆ ಹಿಡಿಯುವುದೆಂದು ತೀರ್ಮಾನವಾಯಿತು. ನಾವು ಶನಿವಾರ ಸಂಜೆ ತಲುಪುವುದು. ಅವರು ನಾಲ್ವರು ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಬರುವುದು.

"ಅಕ್ಕಿ, ಬೇಳೆ, ಕುಕ್ಕರ್ ನಾನು ತರ್ತೀನಿ ಅತ್ತಿಗೆ" ಎಂದಳು ಸುಮನಾ ಫೋನಿನಲ್ಲಿ.

ನನ್ನೊಳಗೆ ಹದಿನೈದು ವರ್ಷ ಕುದಿಯುತ್ತಿದ್ದದ್ದು ಉಕ್ಕಿತು. "ಒಂದು ಕಾಳೂ ತರಬೇಡ! ಸೋಮವಾರದ ಊಟ ನಂದು. ಬಿಸಿಬೇಳೆ ಭಾತ್, ಕೋಸಂಬರಿ, ಪಾಯಸ. ನೀನು ಕೈ ಬೀಸಿಕೊಂಡು ಬಾ."

"ಅಲ್ಲ ಅತ್ತಿಗೆ, ಅಲ್ಲಿ ಅಂಗಡಿಗಳು..."

"ಸುಮನಾ, ನಾನೂ ಪರದೇಶದಲ್ಲೇ ಸಂಸಾರ ಮಾಡ್ತಿರೋದು!"

ಮಿಕ್ಕಿದ್ದೆಲ್ಲ ಅಲ್ಲೇ ಸಿಗುತ್ತದೆಂದು ಬಿಸಿಬೇಳೆ ಭಾತಿನ ಪುಡಿಯನ್ನು ಮಾತ್ರ ಮನೆಯಲ್ಲಿ ಹುರಿದು ಕುಟ್ಟಿದೆ. ಪುಡಿಯ ಪರಿಮಳ ಹಿಡಿದು ಪಕ್ಕದ ಮನೆಯ ವನಜಕ್ಕ ಬಂದರು. ಅವರು ಉಡುಪಿ ಕಡೆಯವರು.

"ಎಂತ ಮಾರಾಯ್ರೆ, ಪುಡಿ ಮಾತ್ರವಾ? ಎರಡು ಕಿಲೋ ಅಕ್ಕಿ ಆದ್ರೂ ಹಾಕಿಕೊಳ್ಳಿ."

"ಬೇಡ ವನಜಕ್ಕ. ಅಗ್ಗದ ಟಿಕೆಟ್ಟು, ಲಗೇಜ್ ಕಮ್ಮಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿ ಅಂತ ಡೈರಿಯಲ್ಲಿ ಬರೆದಾಗಿದೆ."

"ನೀವು ಬರೆದದ್ದು ಸರಿ. ಆ ಅಂಗಡಿಯವನಿಗೂ ಒಂದು ಕಾಪಿ ಕಳಿಸಿ!"

ನಾನು ನಕ್ಕೆ. ಆಗ ನಗುವಷ್ಟು ಬುದ್ಧಿ ಮಾತ್ರ ಇತ್ತು.

ಶನಿವಾರ ಸಂಜೆ ಪ್ಯಾರಿಸಿನಿಂದ ಬಾಡಿಗೆ ಕಾರಿನಲ್ಲಿ ಹಳ್ಳಿ ತಲುಪಿದೆವು. ಕಲ್ಲಿನ ಮನೆ, ಸೂರ್ಯಕಾಂತಿಯ ಹೊಲ, ಅಂಗಳದಾಚೆ ಮನೆಯೊಡತಿಯ ಮನೆ. ನಾವು ಮದಾಂ ಎಂದೇ ಕರೆದ ಅವರಿಗೆ ಎಪ್ಪತ್ತರ ಮೇಲೆ ವಯಸ್ಸು, ಹತ್ತಿಯಂಥ ಕೂದಲು. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಫ್ರೆಂಚ್ ಬಾರದು. ಮಸ್ಕತ್ತಿನಿಂದ ತಂದಿದ್ದ ಎರಡು ಕಿಲೋ ಒಮಾನಿ ಹಲ್ವಾದ ಡಬ್ಬಿಯನ್ನು ಅವರ ಕೈಗಿತ್ತೆ. ಅವರು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. ರಾತ್ರಿಯ ಊಟಕ್ಕೆ ವಿಮಾನದಲ್ಲಿ ಉಳಿಸಿಕೊಂಡಿದ್ದ ಬನ್ನು, ಬಿಸ್ಕತ್ತು.

"ನಾಳೆಯಿಂದ ನೋಡಿ!" ಎಂದೆ ಮಕ್ಕಳಿಗೆ.

ಭಾನುವಾರ ಎಂಟಕ್ಕೆ ಸರಿಯಾಗಿ ನಾಲ್ವರೂ ಚೀಲ ಹಿಡಿದು ಹೊರಟೆವು. ಹಳ್ಳಿಯ ಬೇಕರಿಯ ಬಾಗಿಲಿಗೆ ಚೀಟಿ ಅಂಟಿಸಿತ್ತು. ಮಗಳು ಅನನ್ಯಾ ಶಾಲೆಯಲ್ಲಿ ಒಂದು ವರ್ಷ ಫ್ರೆಂಚ್ ಕಲಿತು ಬಿಟ್ಟವಳು. ಅಕ್ಷರ ಕೂಡಿಸಿ ಓದಿ, "ಇಡೀ ಆಗಸ್ಟ್ ಲೀವ್ ಅಂತೆ ಅಮ್ಮಾ" ಎಂದಳು.

ಬೇಕರಿಯವನಿಗೆ ಒಂದು ತಿಂಗಳ ರಜೆ! ಇರಲಿ. ಹನ್ನೆರಡು ಕಿಲೋಮೀಟರ್ ದೂರದ ಪಟ್ಟಣದಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಇದೆಯೆಂದು ಗೊತ್ತಿತ್ತು. ಹೋದೆವು. ಪಾರ್ಕಿಂಗ್ ಮೈದಾನದಲ್ಲಿ ಒಂದೇ ಒಂದು ಕಾರಿಲ್ಲ.

"ನೋಡಿ, ಬೇಗ ಹೊರಟಿದ್ದಕ್ಕೆ ಎಷ್ಟು ಅನುಕೂಲ ಆಯ್ತು!" ಎಂದೆ.

ಬಾಗಿಲು ತಾನಾಗಿಯೇ ತೆರೆದುಕೊಳ್ಳುವ ಜಾತಿಯದು. ತೆರೆದುಕೊಳ್ಳಲಿಲ್ಲ. ಹಿಂದೆ ಹೋಗಿ ಮುಂದೆ ಬಂದೆ. ತೆರೆಯಲಿಲ್ಲ. ನಮ್ಮವರನ್ನು ಎತ್ತರವಾಗಿ ನಿಂತು ಕೈಯಾಡಿಸಲು ಹೇಳಿದೆ. ಆಡಿಸಿದರು. ಹನ್ನೊಂದು ವರ್ಷದ ಮಗ ನಿಖಿಲ್ ಅಪ್ಪನನ್ನೇ ನೋಡುತ್ತ ನಿಂತಿದ್ದವನು ಮೆಲ್ಲಗೆ ಕೇಳಿದ, "ಅಮ್ಮಾ, ಇಲ್ಲಿ ವೀಕೆಂಡ್ ಯಾವತ್ತು?"

ನಮ್ಮವರು ಆಡಿಸುತ್ತಿದ್ದ ಕೈ ಕೆಳಗಿಳಿಸಿದರು.

ನೀವೇ ಹೇಳಿ. ಮಸ್ಕತ್ತಿನಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರ ಬೆಳಿಗ್ಗೆ ಟಿಫಿನ್ ಡಬ್ಬಿ ತುಂಬಿ, ಇಸ್ತ್ರಿ ಅಂಗಿ ತೊಡಿಸಿ, ಶಾಲೆಗೂ ಆಫೀಸಿಗೂ ಅಟ್ಟಿ ಅಟ್ಟಿ ನನ್ನ ಮೈಯಲ್ಲಿ ಭಾನುವಾರವೆಂದರೆ ವಾರದ ಮೊದಲ ಕೆಲಸದ ದಿನವೆಂದೇ ಅಚ್ಚಾಗಿಬಿಟ್ಟಿತ್ತು. ಯೂರೋಪಿನಲ್ಲಿ ಭಾನುವಾರ ಇನ್ನೂ ಭಾನುವಾರವಾಗಿಯೇ ಉಳಿದಿದೆ ಎಂಬುದು ನನಗೆ ಹೊಳೆಯಲೇ ಇಲ್ಲ!

"ನಿಮಗಾದ್ರೂ ಗೊತ್ತಾಗಬಾರದಿತ್ತೇ?" ಎಂದು ನಮ್ಮವರ ಮೇಲೆ ತಿರುಗಿಬಿದ್ದೆ.

"ನಾನು ಬೆಳಿಗ್ಗೆ ಎದ್ದು ಟೈ ಹುಡುಕಿದೆ ಕಣೇ" ಎಂದರು ಅವರು.

ಆ ದಿನ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಚಿಪ್ಸೇ ನಮ್ಮ ತಿಂಡಿ, ಚಿಪ್ಸೇ ಊಟ. ಪಟ್ಟಣದ ಏಕೈಕ ಹೋಟೆಲಿನ ಮುಂದೆ ಹಲಗೆಯಲ್ಲಿ ಬರೆದಿದ್ದ ದರ ಓದಿ ನಮ್ಮವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿ, ಕಾರಿಗೆ ಮರಳಿದರು. ಸುಮನಾಗೆ ಫೋನ್ ಮಾಡಿಬಿಡೋಣವೆಂದರು. ನಾನು ಖಡಾಖಂಡಿತವಾಗಿ ನಿರಾಕರಿಸಿದೆ.

"ನಾಳೆ ಸೋಮವಾರ. ಜಗತ್ತಿನ ಯಾವ ಮೂಲೆಯಲ್ಲೂ ಸೋಮವಾರ ರಜೆ ಇಲ್ಲ. ಒಂಬತ್ತಕ್ಕೆ ಅಂಗಡಿ, ಹತ್ತಕ್ಕೆ ಒಲೆ, ಹನ್ನೆರಡೂವರೆಗೆ ಊಟ!"

ಸೋಮವಾರ ಒಂಬತ್ತಕ್ಕೆ ಅದೇ ಮೈದಾನ. ಅದೇ ಬಾಗಿಲು. ಈ ಸಲ ನಮ್ಮವರು ಕೈಯಾಡಿಸಲು ಒಪ್ಪಲಿಲ್ಲ. ಅನನ್ಯಾ ಗಾಜಿನ ಮೇಲಿನ ಚೀಟಿ ಓದಿದಳು. "ಫಿಫ್ಟೀನ್ತ್ ಆಗಸ್ಟ್, ಪಬ್ಲಿಕ್ ಹಾಲಿಡೇ."

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಸ್ವಾತಂತ್ರ್ಯ ದಿನಕ್ಕೆ ಇವರ್ಯಾಕೆ ಅಂಗಡಿ ಮುಚ್ಚಿದ್ದಾರೆ?"

"ಪ್ರೀತಿಯಿಂದ" ಎಂದರು ನಮ್ಮವರು.

ಅಂದು ಮೇರಿ ಮಾತೆಯ ಹಬ್ಬ, ದೇಶಕ್ಕೆಲ್ಲ ರಜೆ ಎಂಬುದು ಆಮೇಲೆ ತಿಳಿಯಿತು. ಆಗ ತಿಳಿದಿದ್ದದ್ದು ಇಷ್ಟೇ: ಹನ್ನೆರಡೂವರೆಗೆ ಎಂಟು ಹೊಟ್ಟೆ, ಮನೆಯಲ್ಲಿ ಒಂದು ಡಬ್ಬಿ ಪುಡಿ.

ಮನೆಗೆ ಮರಳಿ ಯೋಚಿಸಿದೆ. ಈ ಹಳ್ಳಿಯಲ್ಲಿ ನನಗೆ ಗೊತ್ತಿದ್ದ ಆಹಾರ ಪದಾರ್ಥ ಒಂದೇ ಒಂದು. ನಾನೇ ಕೊಟ್ಟ ಹಲ್ವಾ!

"ಕೊಟ್ಟ ಉಡುಗೊರೆ ವಾಪಸ್ ಕೇಳ್ತೀಯಾ?" ನಮ್ಮವರು ಹೌಹಾರಿದರು.

"ಅರ್ಧ ಮಾತ್ರ" ಎಂದು ಸೆರಗು ಸಿಕ್ಕಿಸಿ ಅಂಗಳ ದಾಟಿದೆ.

ಮದಾಂ ಆಗಷ್ಟೇ ಚರ್ಚಿನಿಂದ ಬಂದಿದ್ದರು. ಡಬ್ಬಿ ಕಪಾಟಿನ ಮೇಲೇ ಇತ್ತು. ನಾನು ಡಬ್ಬಿ ತೋರಿಸಿದೆ. ಬಾಯಿ ತೋರಿಸಿದೆ. ಅರ್ಥವಾಗಲಿಲ್ಲ. ಹಸಿವನ್ನು ವಿವರಿಸಲು ಎರಡೂ ಕೈಯಿಂದ ಹೊಟ್ಟೆ ಸವರಿ, ಮುಖ ಸಣ್ಣದು ಮಾಡಿ, ಮತ್ತೆ ಹಲ್ವಾ ತೋರಿಸಿದೆ.

ಮದಾಂ ಒಂದು ಕ್ಷಣ ನನ್ನನ್ನು ನೋಡಿದರು. ನನ್ನ ಹೊಟ್ಟೆಯನ್ನು ನೋಡಿದರು. ಸತ್ಯ ಹೇಳಬೇಕೆಂದರೆ, ಅದು ನೋಡಿದವರಿಗೆ ಸಾಕಷ್ಟು ಅವಕಾಶ ಮಾಡಿಕೊಡುವ ಹೊಟ್ಟೆ. ಅವರ ಕಣ್ಣು ಅರಳಿತು. ಸಿಹಿಗಾಗಿ ಬಯಕೆ! "ಓ ಲಾ ಲಾ!" ಎನ್ನುತ್ತ ನನ್ನ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟು, ಮಗುವನ್ನು ತೂಗುವಂತೆ ತೋಳು ತೂಗಿ, ಕಿಟಕಿಯಿಂದ ನಮ್ಮವರತ್ತ ಕೂಗಿದರು, "ಬ್ರಾವೋ, ಮಸ್ಯೂ!"

ನಮ್ಮವರು ಏನೂ ಅರಿಯದೆ ಕೈಯಾಡಿಸಿದರು.

ನನಗೆ ನಲವತ್ತೇಳು ವಯಸ್ಸು! ಅಲ್ಲ ಅಲ್ಲ ಎಂದು ತಲೆಯಾಡಿಸಲು ಹೊರಟೆ. ಅಷ್ಟರಲ್ಲಿ ಅವರು ಬುಟ್ಟಿ ತೆಗೆದರು. ಒಂದು ಡಜನ್ ಮೊಟ್ಟೆ ಇಟ್ಟರು. ತಲೆಯಾಡಿಸುವುದನ್ನು ನಿಧಾನ ಮಾಡಿದೆ. ಆಲೂಗಡ್ಡೆ ಇಟ್ಟರು, ತೋಳುದ್ದದ ಎರಡು ಬ್ರೆಡ್ ಇಟ್ಟರು. ತಲೆ ನಿಂತೇಹೋಯಿತು. ತೋಟದ ಟೊಮೇಟೊ, ಬೀನ್ಸ್, ಹಾಲು, ಬೆಣ್ಣೆ, ಮೇಲೆ ಹಲ್ವಾದ ಡಬ್ಬಿ. ನಾನು ನಾಚಿ ನೆಲ ನೋಡಿದೆ.

ಎಂಟು ಜನರ ಊಟದ ಪ್ರಶ್ನೆ, ಸ್ವಾಮಿ!

ಹನ್ನೆರಡಕ್ಕೆ ಅಡುಗೆ ಸಿದ್ಧವಾಯಿತು. ಮೊಟ್ಟೆಯನ್ನೆಲ್ಲ ಬೇಯಿಸಿಟ್ಟು, ಆಲೂಗಡ್ಡೆ, ಬೀನ್ಸ್ ಬೇಯಿಸಿ ಪುಡಿ ಕಲಸಿದ್ದೆ. ಬಿಸಿಬೇಳೆ ಭಾತಿನಲ್ಲಿ ಬೇಳೆ ಇರಲಿಲ್ಲ, ಭಾತೂ ಇರಲಿಲ್ಲ. ಬಿಸಿ ಮಾತ್ರ ಇತ್ತು. ಆದರೂ ಮೇಜು ತುಂಬಿತ್ತು. ಗೆದ್ದೆ ಎಂದುಕೊಂಡೆ.

ಹೊರಗೆ ಕಾರು ನಿಂತ ಸದ್ದಾಯಿತು. ಬಾಗಿಲಿಗೆ ಹೋಗುವಷ್ಟರಲ್ಲಿ ಮದಾಂ ಸುಮನಾಳನ್ನು ಅಂಗಳದಲ್ಲೇ ಹಿಡಿದಿದ್ದರು. ಸುಮನಾ ಫ್ರೆಂಚನ್ನು ನೀರು ಕುಡಿದಷ್ಟು ಸಲೀಸಾಗಿ ಆಡುತ್ತಾಳೆ ಎಂಬುದು ಆಗಲೇ ನನಗೆ ನೆನಪಾದದ್ದು. ಅವಳ ಕೈಯಿಂದ ಬ್ಯಾಗು ಕೆಳಗೆ ಬಿತ್ತು.

"ಅತ್ತಿಗೇ!" ಒಳಗೆ ಓಡಿಬಂದಳು. "ಇದೇನಿದು ಈ ವಯಸ್ಸಲ್ಲಿ? ಅಣ್ಣಾ, ನಾಚಿಕೆ ಆಗಲ್ವಾ ನಿಂಗೆ? ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ, ಈಗ ಇದೊಂದಾ? ಅಮ್ಮನಿಗೆ ಹೇಳಿದ್ದೀರಾ?"

ನಮ್ಮವರ ಬಾಯಿಂದ ಬ್ರೆಡ್ಡಿನ ತುಂಡು ಜಾರಿತು. ಮಕ್ಕಳಿಬ್ಬರೂ ನನ್ನನ್ನೇ ನೋಡಿದರು. "ಮಾಮ್, ಸೀರಿಯಸ್ಲೀ?" ಎಂದಳು ಅನನ್ಯಾ.

ಈಗ ನನ್ನ ಮುಂದೆ ಎರಡೇ ದಾರಿ. ಒಂದು, ಬಸುರಿ ಎಂದು ಒಪ್ಪುವುದು. ಇನ್ನೊಂದು, ಭಾನುವಾರ ಮರೆತೆ ಎಂದು ಒಪ್ಪುವುದು. ನಿಜವಾಗಿ ಹೇಳುತ್ತೇನೆ, ನಾನು ಒಂದು ನಿಮಿಷ ಯೋಚಿಸಿದೆ!

ಕೊನೆಗೆ ಎಲ್ಲ ಹೇಳಿದೆ. ಸುಮನಾ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಮೆಟ್ಟಿಲ ಮೇಲೆ ಕುಳಿತಳು, ಆಮೇಲೆ ಕಣ್ಣೀರು ಒರೆಸಿಕೊಂಡಳು. "ಭಾನುವಾರ ಅತ್ತಿಗೆ! ಭಾನುವಾರ!"

"ಸರಿ ಸರಿ. ಈಗ ಮದಾಂಗೆ ನೀನೇ ನಿಜ ಹೇಳಿಬಿಡು."

"ನಾನಾ? ನಿಮ್ಮ ಹೆಸರಲ್ಲಿ ಮೇಣದಬತ್ತಿ ಹಚ್ಚೋಕೆ ಈಗ ಮತ್ತೆ ಚರ್ಚಿಗೆ ಹೊರಟಿದ್ದಾರೆ. ನಂಗಾಗಲ್ಲ. ಮೊಟ್ಟೆ ಬೇಯಿಸಿದವರು ನೀವು, ನೀವೇ ಹೇಳಿ."

ನಾನು ಹೇಗೆ ಹೇಳಲಿ? ಮೊಟ್ಟೆ ಆಗಲೇ ಖರ್ಚಾಗಿತ್ತು.

ಹೀಗಾಗಿ ಆ ವಾರ ಪೂರ್ತಿ ನಾನು ಗರ್ಭಿಣಿಯಾಗಿಯೇ ಕಳೆದೆ. ಮುಂಜಾನೆ ಏಳಕ್ಕೆ ಮದಾಂ ಒಂದು ದೊಡ್ಡ ಲೋಟ ಹಾಲು ತರುತ್ತಿದ್ದರು. ಕುಡಿದು ಮುಗಿಸುವವರೆಗೆ ಎದುರಿಗೇ ನಿಲ್ಲುತ್ತಿದ್ದರು. ಬಕೆಟ್ ಎತ್ತಿದರೆ ಕಿತ್ತುಕೊಳ್ಳುತ್ತಿದ್ದರು. ಮಂಗಳವಾರ ಅಂಗಡಿ ತೆರೆಯಿತು. ಅಕ್ಕಿ, ಬೇಳೆ ಎಲ್ಲ ಬಂತು. ಆದರೆ ಒಲೆಯ ಮುಂದೆ ನಿಲ್ಲಲು ಮದಾಂ ನನ್ನನ್ನು ಬಿಡಲಿಲ್ಲ. ಬಿಸಿಬೇಳೆ ಭಾತ್ ಮಾಡಿದ್ದು ಸುಮನಾ. ಬಹಳ ಚೆನ್ನಾಗಿತ್ತು!

ಕೊನೆಯ ದಿನ ಇಡೀ ಮನೆ ಗುಡಿಸಿ ಒರೆಸಿದ್ದು ನಮ್ಮವರು. ನಾನು ಮದಾಂ ಹಾಕಿಕೊಟ್ಟ ಕುರ್ಚಿಯಲ್ಲಿ ಕಾಲು ನೀಡಿ ಕುಳಿತಿದ್ದೆ.

"ಆ ಮೂಲೆ ಬಿಟ್ಟಿರಿ" ಎಂದೆ.

"ಮೆರ್ಸಿ" ಎಂದು ಫ್ರೆಂಚಿನಲ್ಲೇ ಧನ್ಯವಾದ ಹೇಳಿದರು, ಹಲ್ಲು ಕಚ್ಚಿ.

ಹೊರಡುವಾಗ ಮದಾಂ ಒಂದು ಪುಟ್ಟ ಪೊಟ್ಟಣ ಕೈಗಿತ್ತರು. ಬಿಳಿಯ ಉಣ್ಣೆಯ ಕಾಲುಚೀಲ, ಹೆಬ್ಬೆರಳಿನಷ್ಟು ಗಾತ್ರದ್ದು. ಐದು ದಿನ ಸಂಜೆ ಸಂಜೆ ಕೂತು ಹೆಣೆದಿದ್ದರಂತೆ. ಆಗ ಮಾತ್ರ ನನಗೆ ನಿಜಕ್ಕೂ ಅಳು ಬಂತು. ಅದನ್ನೂ ಅವರು ಬಸುರಿಯ ಅಳುವೆಂದೇ ತಿಳಿದು ಬೆನ್ನು ಸವರಿದರು.

ನಮ್ಮವರ ಕೆಲಸ ಹೇಗೋ ಉಳಿಯಿತು, ಟಿಕೆಟ್ ಹೋಯಿತು. ಏಪ್ರಿಲಿನಲ್ಲಿ ಒಂದು ದಿನ ಸುಮನಾಗೆ ಫೋನ್ ಮಾಡಿದ್ದೆ.

"ಅತ್ತಿಗೆ, ಮದಾಂ ಪತ್ರ ಬರೆದಿದ್ದಾರೆ. ಗಂಡೋ ಹೆಣ್ಣೋ ಅಂತ ಕೇಳಿದ್ದಾರೆ. ಏನಂತ ಬರೀಲಿ?"

"ನೀನೇನೂ ಬರೀಬೇಡ. ಅದನ್ನ ನಂಗೆ ಬಿಡು. ನಾನು ಸರಿಯಾಗಿ ಪ್ಲಾನ್ ಮಾಡ್ತೀನಿ" ಎಂದೆ, ನಿರ್ಧಾರದ ಧ್ವನಿಯಲ್ಲಿ.

ಆ ಕಡೆಯಿಂದ ಅವಳು ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನನ್ನ ಫೋನ್ ಕಾರ್ಡೇ ಖಾಲಿಯಾಯಿತು!